ಇಷ್ಟು ಸಣ್ಣ ವಾಯುಪಡೆಗೆ ಇಷ್ಟೊಂದು ಬಗೆಯ ವಿಮಾನ ಯಾಕೆ?

ಪ್ರಶ್ನೆ: ಹೋದ ತಿಂಗಳು ಮನೆಯವರ ಜೊತೆ ಶ್ರೀಲಂಕಾ ಪ್ರವಾಸಕ್ಕೆ ಹೋಗಿದ್ದೆ. ಕೊಲಂಬೋ ಹತ್ತಿರದ ರತ್ಮಲಾನದಲ್ಲಿ ವಾಯುಪಡೆಯ ಮ್ಯೂಸಿಯಂ ಇದೆ. ಅಲ್ಲಿ ಅರ್ಧ ದಿನ ಕಳೆದೆ. ಒಂದು ವಿಮಾನ ಬ್ರಿಟನ್‌ದು, ಇನ್ನೊಂದು ರಷ್ಯಾದ್ದು, ಮತ್ತೊಂದು ಚೀನಾದ್ದು. ಈಗ ಹಾರಿಸುತ್ತಿರುವುದೂ ಹೀಗೇ ಬೆರಕೆಯಂತೆ. ಇಷ್ಟು ಸಣ್ಣ ದೇಶಕ್ಕೆ ಇಷ್ಟು ಬಗೆ ಯಾಕೆ? ಒಂದೇ ಕಡೆಯಿಂದ ಕೊಂಡರೆ ಸುಲಭ ಅಲ್ವಾ? ಯುದ್ಧ ಮುಗಿದು ಇಷ್ಟು ವರ್ಷವಾಯಿತು, ಇನ್ನೂ ಫೈಟರ್ ವಿಮಾನ ಬೇಕಾ? ನಮ್ಮ ಬೆಂಗಳೂರಿನ ಧ್ರುವ್ ಹೆಲಿಕಾಪ್ಟರ್ ಅವರಿಗೆ ಸರಿಹೋಗುವುದಿಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ನಾನು ಮೂವತ್ತು ವರ್ಷ ವಿಮಾನಗಳ ರಿಪೇರಿ ಮತ್ತು ಬಿಡಿಭಾಗದ ಸ್ಟೋರ್ ನೋಡಿಕೊಂಡವನು. ಯಾವ ವಾಯುಪಡೆಯ ಬಗ್ಗೆ ಓದಿದರೂ ನನಗೆ ಮೊದಲು ನೆನಪಾಗುವುದು ಅದರ ಸ್ಟೋರ್. ಆ ರ‍್ಯಾಕುಗಳಲ್ಲಿ ಏನಿದೆ, ಏನಿಲ್ಲ? ನಾಳೆ ಬೆಳಿಗ್ಗೆ ಎಷ್ಟು ವಿಮಾನ ಏಳುತ್ತವೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು.

ಹೌದು, ಒಂದೇ ಕಡೆಯಿಂದ ಕೊಂಡರೆ ಸುಲಭ. ಲಂಕೆಯ ಎಂಜಿನಿಯರ್‌ಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿದೆ. ಆದರೆ ಅವರಿಗೆ ವಿಮಾನ ಬೇಕಾದಾಗಲೆಲ್ಲ ಅದು ತಕ್ಷಣವೇ ಬೇಕಿತ್ತು. ಆ ಹೊತ್ತಿಗೆ ಯಾರು ಕೊಡಲು ತಯಾರಿದ್ದರೋ ಅವರಿಂದ ತಂದರು. ನೀವು ನೋಡಿದ ಆ ಸಾಲಿನ ಬಹುಪಾಲು ವಿಮಾನಗಳ ಹಿಂದೆ ಒಂದು ತುರ್ತು ಇದೆ.

ಶುರುವಿನಲ್ಲಿ ನೀವು ಹೇಳುವ 'ಒಂದೇ ಕಡೆ' ನಿಜಕ್ಕೂ ಇತ್ತು. 1951ರ ಮಾರ್ಚ್ 2ರಂದು 'ರಾಯಲ್ ಸಿಲೋನ್ ಏರ್ ಫೋರ್ಸ್' ಹುಟ್ಟಿತು. ಮೊದಲ ಮುಖ್ಯಸ್ಥರೇ ಬ್ರಿಟಿಷ್ ಅಧಿಕಾರಿ. ಚಿಪ್‌ಮಂಕ್, ಬಾಲಿಯೋಲ್, ಡವ್, ಹೆರಾನ್, ಆಮೇಲೆ ಜೆಟ್ ಪ್ರೊವೊಸ್ಟ್ ಬಂದವು. ಎಲ್ಲವೂ ಬ್ರಿಟನ್‌ನಿಂದಲೇ. ಮ್ಯಾನುಯಲ್ ಇಂಗ್ಲಿಷಿನಲ್ಲಿ, ಸ್ಪ್ಯಾನರ್ ಇಂಚಿನಲ್ಲಿ. ಇಪ್ಪತ್ತು ವರ್ಷ ಹೀಗೇ ನಡೆಯಿತು.

1971ರ ಏಪ್ರಿಲ್‌ನಲ್ಲಿ ಎಡಪಂಥೀಯ ಸಂಘಟನೆ ಜೆವಿಪಿಯ ಯುವಕರು ಸರ್ಕಾರದ ವಿರುದ್ಧ ದಂಗೆ ಎದ್ದರು. ಮೂಲೆಗೆ ನಿಲ್ಲಿಸಿದ್ದ ಜೆಟ್ ಪ್ರೊವೊಸ್ಟ್‌ಗಳನ್ನು ಎಳೆದು ತಂದು ಮತ್ತೆ ಹಾರಿಸಬೇಕಾಯಿತು. ಭಾರತ ಹೆಲಿಕಾಪ್ಟರ್ ಕಳುಹಿಸಿತು. ಅಮೆರಿಕದ ಬೆಲ್ ಹೆಲಿಕಾಪ್ಟರ್‌ಗಳು ಬಂದವು. ಸೋವಿಯತ್ ಒಕ್ಕೂಟ ಐದು ಮಿಗ್-17, ಒಂದು ಎರಡು ಸೀಟಿನ ಮಿಗ್-15, ಜೊತೆಗೆ ಕಮೋವ್ ಹೆಲಿಕಾಪ್ಟರ್ ಕೊಟ್ಟಿತು. ಹೀಗೆ ಒಂದೇ ವರ್ಷದಲ್ಲಿ ಬ್ರಿಟನ್, ಅಮೆರಿಕ, ಸೋವಿಯತ್ ಮೂರೂ ಒಂದೇ ಅಂಗಳಕ್ಕೆ ಬಂದವು. ಮರುವರ್ಷ ದೇಶ ಗಣರಾಜ್ಯವಾಯಿತು, ಹೆಸರು ಶ್ರೀಲಂಕಾ ವಾಯುಪಡೆ ಎಂದಾಯಿತು. ದುಡ್ಡು ಮಾತ್ರ ಇರಲಿಲ್ಲ. ಹೆಲಿಕಾಪ್ಟರ್‌ಗಳಲ್ಲಿ ವಿದೇಶಿ ಪ್ರವಾಸಿಗರನ್ನು ಸುತ್ತಾಡಿಸಿ ಹಣ ಗಳಿಸಿದರು. ಅದನ್ನು ಕೇಳಿ ಯಾರಾದರೂ ನಕ್ಕರೆ ನನಗೆ ಬೇಸರವಾಗುತ್ತದೆ. ಪೈಲಟ್‌ಗಳ ಕೈ ಪಳಗಿದ್ದು, ಎಂಜಿನ್ ಕೆಟ್ಟು ಕೂರದೆ ಉಳಿದದ್ದು ಆ ಹಾರಾಟದಿಂದಲೇ.

ಸರ್ಕಾರಕ್ಕೂ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇಗೂ 1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದ ಕತೆಯೇ ಬೇರೆ. ಈಗಿನ ಬೆರಕೆಯ ಬೇರು ಇರುವುದು ಅಲ್ಲಿ.

ಮೊದಲು ಬೆಲ್ 212 ಹೆಲಿಕಾಪ್ಟರ್‌ಗಳು, ಇಟಲಿಯ ಪುಟ್ಟ ಮಾರ್ಕೆಟ್ಟಿ ವಿಮಾನಗಳು, ಚೀನಾದ ವೈ-12 ಬಂದವು. ಇವುಗಳಲ್ಲಿ ಕೆಲವಕ್ಕೆ ಬಂದೂಕು ಕಟ್ಟಿ ಯುದ್ಧಕ್ಕೆ ಬಿಟ್ಟರು. ಆಗ ಅವರ ಆಕಾಶ ಎಷ್ಟು ತೆರೆದುಕೊಂಡಿತ್ತು ಎಂಬುದಕ್ಕೆ ನಮ್ಮೂರಿಗೇ ಸೇರಿದ ಒಂದು ನೆನಪಿದೆ. 1987ರ ಜೂನ್ 4ರಂದು ಭಾರತದ ಐದು ಎಎನ್-32 ಸಾಗಣೆ ವಿಮಾನಗಳು ಬೆಂಗಳೂರಿನಿಂದ ಎದ್ದು ಜಾಫ್ನಾದ ಮೇಲೆ ಸುಮಾರು 25 ಟನ್ ಪರಿಹಾರ ಸಾಮಗ್ರಿ ಇಳಿಸಿ ಬಂದವು. ಜೊತೆಗೆ ಭಾರತದ ಮಿರಾಜ್ 2000 ಕಾವಲು ಇತ್ತು. 'ಪೂಮಾಲೈ' ಕಾರ್ಯಾಚರಣೆ ಎಂದು ಅದರ ಹೆಸರು. ತಡೆಯುವ ಶಕ್ತಿ ಲಂಕೆಯ ವಾಯುಪಡೆಗೆ ಇರಲಿಲ್ಲ. ಆ ದಿನ ನಮ್ಮಲ್ಲಿ ಖುಷಿ ಪಟ್ಟವರು ಬಹಳ. ಆದರೆ ಆಚೆ ಬದಿಯ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿ. ಬರುತ್ತಿರುವುದು ಗೊತ್ತಿದ್ದೂ ಕೈಕಟ್ಟಿ ನಿಲ್ಲಬೇಕು.

1991ರಲ್ಲಿ ಚೀನಾದಿಂದ ಎಫ್-7 ಜೆಟ್‌ಗಳು ಬಂದವು. ಎಫ್-7 ಅಂದರೆ ಮಿಗ್-21ರ ಚೀನೀ ತಮ್ಮ. ಪಶ್ಚಿಮದ ಹಲವು ದೇಶಗಳು ಯುದ್ಧ ನಡೆಯುವ ಜಾಗಕ್ಕೆ ಆಯುಧ ಮಾರಲು ಹಿಂದೇಟು ಹಾಕುತ್ತಿದ್ದವು. ಚೀನಾಕ್ಕೆ ಆ ಹಿಂಜರಿಕೆ ಇರಲಿಲ್ಲ. 1993ರಲ್ಲಿ ಅರ್ಜೆಂಟೀನಾದಿಂದ ನಾಲ್ಕು ಪುಕಾರಾ ವಿಮಾನ ತಂದರು. ಪುಕಾರಾದ ಕತೆ ಸ್ವಲ್ಪ ನಿಧಾನವಾಗಿ ಓದಿ. ಕಾಡಿನ ಯುದ್ಧಕ್ಕೆ ಹೇಳಿ ಮಾಡಿಸಿದ ವಿಮಾನ ಅದು. ಎರಡು ಟರ್ಬೊಪ್ರಾಪ್ ಎಂಜಿನ್, ಗಟ್ಟಿ ಚಕ್ರ, ಒರಟು ರನ್‌ವೇ ಸಾಕು. ನಾಲ್ಕರಲ್ಲಿ ಮೂರು ಯುದ್ಧದಲ್ಲಿ ಹೋದವು. ಉಳಿದದ್ದು ಒಂದೇ ಒಂದು. ಅದಕ್ಕೆ ಬಿಡಿಭಾಗ ಬೇಕೆಂದರೆ ಭೂಮಿಯ ಆಚೆ ಬದಿಗೆ ಬರೆಯಬೇಕು. 1999ರಲ್ಲಿ ಅದನ್ನು ಸೇವೆಯಿಂದ ತೆಗೆದರು.

1995ರ ಏಪ್ರಿಲ್ ಕೊನೆಗೆ ಜಾಫ್ನಾ ಬಳಿಯ ಪಲಾಲಿ ವಾಯುನೆಲೆಯ ಹತ್ತಿರ ಎರಡೇ ದಿನದಲ್ಲಿ ಎರಡು ಆವ್ರೋ ಸಾಗಣೆ ವಿಮಾನಗಳನ್ನು ಎಲ್‌ಟಿಟಿಇ ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಯಿಂದ ಉರುಳಿಸಿತು. ಒಳಗಿದ್ದವರೆಲ್ಲ ಸತ್ತರು. ಆಗ ಉತ್ತರದಲ್ಲಿದ್ದ ಸೈನಿಕರಿಗೆ ಊಟ, ಔಷಧಿ, ಗುಂಡು ಎಲ್ಲ ಹೋಗುತ್ತಿದ್ದದ್ದು ಸಮುದ್ರದಲ್ಲಿ ಮತ್ತು ಆಕಾಶದಲ್ಲಿ. ರಸ್ತೆ ಮುಚ್ಚಿತ್ತು. ಆಕಾಶದ ದಾರಿಯೂ ಹೀಗೆ ಕತ್ತರಿಸಿದರೆ ಏನು ಮಾಡುವುದು? ಆ ವರ್ಷವೇ ಎಎನ್-32 ಸಾಗಣೆ ವಿಮಾನಗಳು, ಮಿ-24 ದಾಳಿ ಹೆಲಿಕಾಪ್ಟರ್‌ಗಳು ಬಂದವು. ಮರುವರ್ಷ ಇಸ್ರೇಲ್‌ನಿಂದ ಕಫೀರ್ ಜೆಟ್‌ಗಳು. 2000ದ ಏಪ್ರಿಲ್‌ನಲ್ಲಿ ಎಲಿಫೆಂಟ್ ಪಾಸ್ ಸೇನಾನೆಲೆ ಕೈತಪ್ಪಿತು. ಅದೇ ವರ್ಷ ಉಕ್ರೇನ್‌ನಿಂದ ಮಿಗ್-27, ಇನ್ನಷ್ಟು ಕಫೀರ್, ಬ್ರಿಟನ್‌ನ ವಾಯುಪಡೆ ಬಳಸಿಬಿಟ್ಟಿದ್ದ ಎರಡು ಸಿ-130 ಸಾಗಣೆ ವಿಮಾನ ಬಂದವು. ಯಾವ ಹೊಡೆತ ಬಿತ್ತು, ಅದರ ಹಿಂದೆ ಯಾವ ವಿಮಾನ ಬಂತು ಎಂದು ಎರಡು ಕಾಲಂ ಹಾಕಿ ಬರೆದುಕೊಳ್ಳಿ. ಎದುರುಬದುರು ಕೂರುತ್ತವೆ.

2001ರ ಜುಲೈ 24ರ ಬೆಳಗಿನ ಜಾವ ಕಟುನಾಯಕೆ ವಾಯುನೆಲೆಗೆ ಎಲ್‌ಟಿಟಿಇ ಆತ್ಮಾಹುತಿ ತಂಡ ನುಗ್ಗಿತು. ವಾಯುಪಡೆಯ ಎಂಟು ವಿಮಾನ ನಾಶವಾದವು. ಪಕ್ಕದ ನಾಗರಿಕ ನಿಲ್ದಾಣದಲ್ಲಿ ಶ್ರೀಲಂಕನ್ ಏರ್‌ಲೈನ್ಸ್‌ನ ಏರ್‌ಬಸ್‌ಗಳೂ ಸುಟ್ಟವು. ದೊಡ್ಡ ದೇಶಕ್ಕೆ ಎಂಟು ವಿಮಾನ ನಷ್ಟ. ಸಣ್ಣ ವಾಯುಪಡೆಗೆ ಎಂಟು ಅಂದರೆ ಬೆನ್ನು ಮುರಿದ ಹಾಗೆ.

ಈಗ ಸ್ಟೋರ್ ಒಳಗೆ ಬನ್ನಿ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ಒಂದು ಹೊಸ ಟೈಪ್ ವಿಮಾನ ಕೊಂಡರೆ ಜೊತೆಗೆ ಬರುವ ಸಾಮಾನು ಬಹಳ. ಅದಕ್ಕೇ ಬೇರೆ ಮ್ಯಾನುಯಲ್, ಬೇರೆ ಟೂಲ್ ಕಿಟ್, ಬೇರೆ ಟೆಸ್ಟ್ ಬೆಂಚ್. ಬೇರೆ ಟೈರು, ಬೇರೆ ಎಣ್ಣೆ. ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟ್‌ನ ಒಳಗಿರುವ ಸ್ಫೋಟಕ ಕಾರ್ಟ್ರಿಜ್‌ಗೆ ಔಷಧಿ ಬಾಟಲಿಯಂತೆ ಕೊನೆಯ ದಿನಾಂಕ ಇರುತ್ತದೆ. ವಿಮಾನ ಹಾರಲಿ ಬಿಡಲಿ, ಅದು ಬದಲಾಗಲೇಬೇಕು. ರಷ್ಯಾ ಕಡೆಯ ಹೆಲಿಕಾಪ್ಟರ್‌ಗಳಿಗಂತೂ ಹಾರಿದ ಗಂಟೆಯ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ಯಾವುದು ಮೊದಲು ಮುಗಿದರೂ ಓವರ್‌ಹಾಲ್‌ಗೆ, ಅಂದರೆ ಪೂರ್ತಿ ಬಿಚ್ಚಿ ಸರಿಪಡಿಸಲು, ಹೋಗಬೇಕು. ಇದೆಲ್ಲದರ ಮೇಲೆ ಆ ಟೈಪ್ ಕಲಿತ ಜನ ಬೇಕು. ಒಬ್ಬ ಒಳ್ಳೆಯ ಎಂಜಿನ್ ಮೆಕ್ಯಾನಿಕ್ ತಯಾರಾಗಲು ಐದಾರು ವರ್ಷ ಬೇಕು. ಅವನು ರಿಟೈರ್ ಆದ ದಿನ ಆ ಅನುಭವವೂ ಗೇಟು ದಾಟುತ್ತದೆ.

ಇಂಥ ಟೈಪ್‌ಗಳು ಹತ್ತು ಹನ್ನೆರಡು ಇದ್ದು, ಒಂದೊಂದರಲ್ಲಿ ನಾಲ್ಕೈದೇ ವಿಮಾನ ಇದ್ದರೆ? ಐದರಲ್ಲಿ ಒಂದು ಓವರ್‌ಹಾಲ್‌ನಲ್ಲಿ. ಒಂದು ಬಿಡಿಭಾಗ ಕಾಯುತ್ತಾ. ಒಂದು ಮಾಮೂಲಿ ಸರ್ವಿಸ್‌ನಲ್ಲಿ. ಹಾರಲು ಉಳಿದದ್ದು ಎರಡು. ಅದರಲ್ಲೊಂದಕ್ಕೆ ಬೆಳಿಗ್ಗೆ ಹೈಡ್ರಾಲಿಕ್ ಸೋರಿಕೆ ಕಂಡರೆ, ನಿಂತಿರುವ ವಿಮಾನದಿಂದ ಆ ಭಾಗ ಬಿಚ್ಚಿ ಇದಕ್ಕೆ ಹಾಕುತ್ತಾರೆ. ಮಾಡಬೇಕಾದ ಕೆಲಸ ಆಗ ಎರಡಾಗುತ್ತದೆ. ಬಿಚ್ಚಿದ ವಿಮಾನ ಇನ್ನೂ ದಿನ ನಿಲ್ಲುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಹೆಲಿಕಾಪ್ಟರ್ ಅಂಗೈ ಅಗಲದ ರಬ್ಬರ್ ಸೀಲ್ ಒಂದಕ್ಕೆ ಹನ್ನೊಂದು ವಾರ ನಿಂತಿತ್ತು. ದಿನಾ ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಅದೇ ಟೈಪ್ ನಲವತ್ತು ಇದ್ದಿದ್ದರೆ ಆ ಸೀಲ್ ರ‍್ಯಾಕಿನಲ್ಲಿ ಹತ್ತು ಇರುತ್ತಿತ್ತು.

ಕಫೀರ್ ತೆಗೆದುಕೊಳ್ಳಿ. ಮಾಡಿದ್ದು ಇಸ್ರೇಲ್. ಮೈಕಟ್ಟು ಫ್ರಾನ್ಸಿನ ಮಿರಾಜ್‌ನಿಂದ ಬಂದದ್ದು. ಎಂಜಿನ್ ಅಮೆರಿಕದ ಜೆ-79. ಹಾಗಾಗಿ ಇಸ್ರೇಲ್ ಇದನ್ನು ಯಾರಿಗೆ ಮಾರಬೇಕೆಂದರೂ ಅಮೆರಿಕದ ಒಪ್ಪಿಗೆ ಬೇಕು. ಇಸ್ರೇಲ್‌ನ ವಾಯುಪಡೆಯೇ 1990ರ ದಶಕದಲ್ಲಿ ಕಫೀರ್ ಹಾರಿಸುವುದನ್ನು ಬಿಟ್ಟಿತು. ಲಂಕೆಯಲ್ಲಿ ಅದು ಯುದ್ಧದ ಮುಖ್ಯ ದಾಳಿ ವಿಮಾನವಾಗಿತ್ತು. 2011ರ ಮಾರ್ಚ್ 1ರಂದು, 60ನೇ ವಾರ್ಷಿಕೋತ್ಸವದ ತಾಲೀಮಿನಲ್ಲಿ ಎರಡು ಕಫೀರ್ ಗಾಳಿಯಲ್ಲೇ ಡಿಕ್ಕಿ ಹೊಡೆದು ಬಿದ್ದವು, ಒಬ್ಬ ಪೈಲಟ್ ತೀರಿಕೊಂಡರು. 2021ರಲ್ಲಿ ಉಳಿದ ಐದನ್ನು ಹೊಸದಾಗಿಸಲು ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಜೊತೆ ಸುಮಾರು 4.9 ಕೋಟಿ ಡಾಲರ್ ಒಪ್ಪಂದವಾಯಿತು. ಮರುವರ್ಷವೇ ದೇಶ ದಿವಾಳಿಯ ಅಂಚಿಗೆ ಬಂತು. ಪೆಟ್ರೋಲ್ ಬಂಕ್‌ಗಳ ಮುಂದೆ ಜನ ದಿನಗಟ್ಟಲೆ ಸಾಲು ನಿಂತರು. ಎಲ್ಲ ಬಿಡಿಭಾಗಕ್ಕೂ ಡಾಲರ್‌ನಲ್ಲೇ ದುಡ್ಡು ಕಟ್ಟಬೇಕಾದ ವಾಯುಪಡೆಯ ಸ್ಟೋರ್ ಆ ವರ್ಷ ಹೇಗಿದ್ದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದೇ 2022ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಎಎನ್-32 ಹುಟ್ಟಿದ್ದು ಉಕ್ರೇನ್‌ನ ಕೀವ್‌ನಲ್ಲಿ. ಅದರ ಎಂಜಿನ್ ಬರುವುದು ಝಪೊರಿಝಿಯಾದಿಂದ. ಮಿ-17 ಹೆಲಿಕಾಪ್ಟರ್ ರಷ್ಯಾದ್ದಾದರೂ, ಅದರ ಎಂಜಿನ್‌ಗಳನ್ನು ಬಹುಕಾಲ ಮಾಡಿಕೊಟ್ಟದ್ದು ಅದೇ ಝಪೊರಿಝಿಯಾ. ಈಗ ಆ ಎರಡೂ ದೇಶ ಯುದ್ಧದಲ್ಲಿವೆ. ಒಂದು ಕಡೆ ಕಾರ್ಖಾನೆಯೇ ಯುದ್ಧಭೂಮಿಯ ಪಕ್ಕದಲ್ಲಿದೆ. ಇನ್ನೊಂದು ಕಡೆಗೆ ದುಡ್ಡು ಕಳುಹಿಸಲು ನಿರ್ಬಂಧಗಳ ತೊಡಕು. ನೂರಕ್ಕೂ ಜಾಸ್ತಿ ಎಎನ್-32 ಕೊಂಡ ನಮ್ಮ ವಾಯುಪಡೆಗೂ ಇದೇ ತಲೆನೋವು. ನಮಗೆ ದೊಡ್ಡ ಸ್ಟೋರ್ ಇದೆ, ಕಾನ್ಪುರದಲ್ಲಿ ನಮ್ಮದೇ ರಿಪೇರಿ ಡಿಪೋ ಇದೆ. ಬೆರಳೆಣಿಕೆಯ ವಿಮಾನ ಇರುವವರಿಗೆ ಅಂಥ ಆಸರೆ ಎಲ್ಲಿದೆ?

ಇನ್ನು ಫೈಟರ್ ಪ್ರಶ್ನೆ. ಲಂಕೆಗೆ ನಿಜವಾಗಿ ಆಕಾಶದಲ್ಲಿ ಶತ್ರು ವಿಮಾನ ಎದುರಾದದ್ದು ಯಾವಾಗ ಗೊತ್ತಾ? 2007ರಲ್ಲಿ. ಎಲ್‌ಟಿಟಿಇ ಬಳಿ ಝ್ಲಿನ್ 143 ಎಂಬ ನಾಲ್ಕು ಸೀಟಿನ ಜೆಕ್ ವಿಮಾನಗಳಿದ್ದವು. ಫ್ಲೈಯಿಂಗ್ ಕ್ಲಬ್‌ನಲ್ಲಿ ಕಾಣುವಂಥವು. ಅವಕ್ಕೆ ಬಾಂಬ್ ಕಟ್ಟಿ ಆ ವರ್ಷದ ಮಾರ್ಚ್‌ನಲ್ಲಿ ರಾತ್ರಿ ಕಟುನಾಯಕೆ ಮೇಲೆ ಹಾಕಿ ಹೋದರು. ತಡೆಯಲೆಂದು 2008ರಲ್ಲಿ ಚೀನಾದಿಂದ ರಾಡಾರ್ ಇರುವ ಎಫ್-7ಜಿಎಸ್ ತಂದರು. ಆದರೆ ಆ ಪುಟ್ಟ ವಿಮಾನ ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಮರದ ತುದಿ ಸವರುವ ಹಾಗೆ ಬರುತ್ತದೆ. ಎಫ್-7 ಅಷ್ಟು ನಿಧಾನಕ್ಕೆ ಹಾರಿದರೆ ಬಿದ್ದೇ ಹೋಗುತ್ತದೆ. ಪಿಸ್ಟನ್ ಎಂಜಿನ್‌ನ ಬಿಸಿಯೂ ಕಡಿಮೆ, ಶಾಖ ಹುಡುಕುವ ಕ್ಷಿಪಣಿಗೆ ಸುಲಭಕ್ಕೆ ಸಿಗದು. 2009ರ ಫೆಬ್ರವರಿ 20ರ ರಾತ್ರಿ ಅವು ಕೊಲಂಬೋವರೆಗೂ ಬಂದವು. ಒಂದು ವಿಮಾನ ಆದಾಯ ತೆರಿಗೆ ಕಚೇರಿಯ ಕಟ್ಟಡಕ್ಕೆ ಬಡಿಯಿತು. ಇನ್ನೊಂದು ಕಟುನಾಯಕೆ ಹತ್ತಿರ ಬಿತ್ತು.

ಫೈಟರ್ ಬಿಟ್ಟು ಬದುಕುವ ದೇಶಗಳೂ ಇವೆ. ನ್ಯೂಜಿಲೆಂಡ್ 2001ರಲ್ಲಿ ತನ್ನ ಸ್ಕೈಹಾಕ್ ಜೆಟ್‌ಗಳ ದಳವನ್ನೇ ಮುಚ್ಚಿತು, ಸಾಗಣೆ ಮತ್ತು ಕಡಲ ಕಾವಲಿನ ವಿಮಾನಗಳಿಗೆ ದುಡ್ಡು ಹಾಕಿತು. ಐರ್ಲೆಂಡ್‌ಗೂ ಫೈಟರ್ ಜೆಟ್ ಇಲ್ಲ. ಆದರೆ ಒಮ್ಮೆ ಮುಚ್ಚಿದರೆ ಮತ್ತೆ ಕಟ್ಟುವುದು ಬಹಳ ಕಷ್ಟ. ನ್ಯೂಜಿಲೆಂಡ್ ಮತ್ತೆ ಕಟ್ಟಲೇ ಇಲ್ಲ. ನನ್ನ ಅಭಿಪ್ರಾಯ ಇದು: ಲಂಕೆ ಇರುವ ಕಫೀರ್‌ಗಳನ್ನು ಹಾರುವ ಸ್ಥಿತಿಯಲ್ಲಿಟ್ಟು ಪೈಲಟ್‌ಗಳ ವಿದ್ಯೆ ಉಳಿಸಿಕೊಳ್ಳಲಿ. ಹೊಸ ಫೈಟರ್‌ಗೆ ಈಗ ಒಂದು ಡಾಲರ್ ಕೂಡ ಹಾಕಬಾರದು.

ಯಾಕೆಂದರೆ ಅವರ ಕೆಲಸ ಈಗ ಕಡಲಲ್ಲಿದೆ. ಲಂಕೆಯ ನೆಲ ಸುಮಾರು 65,600 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗ. ಅವರ ಪಾಲಿನ ಆರ್ಥಿಕ ಕಡಲು ಐದು ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ. ದಕ್ಷಿಣದ ತುದಿಯ ಪಕ್ಕದಲ್ಲೇ ಜಗತ್ತಿನ ದೊಡ್ಡ ಹಡಗು ದಾರಿ. 2021ರ ಮೇನಲ್ಲಿ ಎಕ್ಸ್-ಪ್ರೆಸ್ ಪರ್ಲ್ ಹಡಗಿಗೆ ಕೊಲಂಬೋ ಎದುರು ಬೆಂಕಿ ಬಿದ್ದಾಗ ಹೊಗೆಯೊಳಗೆ ಹೋಗಿ ಬೆಂಕಿಯಾರಿಸುವ ಪುಡಿ ಸುರಿದದ್ದು ವಾಯುಪಡೆಯ ಬೆಲ್ 212. ಕಡಲು ಕಾಯಲು ಭಾರತ 2022ರ ಆಗಸ್ಟ್ 15ರಂದು ಒಂದು ಡಾರ್ನಿಯರ್ 228 ಕೊಟ್ಟಿತು. ಎಚ್‌ಎಎಲ್ ಅದನ್ನು ಕಾನ್ಪುರದಲ್ಲಿ ಮಾಡುತ್ತದೆ. ವರ್ಷದ ಮೇಲೆ ಅದು ಸರ್ವಿಸ್‌ಗೆ ಬಂದಾಗ ಬದಲಿಗೆ ಇನ್ನೊಂದನ್ನು ಕಳುಹಿಸಿದರು. ಸ್ಟೋರ್ ನೋಡಿಕೊಂಡವನಾಗಿ ನನಗೆ ಉಡುಗೊರೆಗಿಂತ ಈ ಬದಲಿ ವಿಮಾನವೇ ದೊಡ್ಡದಾಗಿ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಿಂಗ್ ಏರ್ 360 ಕೂಡ ಇದೇ ಕೆಲಸಕ್ಕೆ ಬಂತು.

ಮಿ-17ಗಳು ಇನ್ನೊಂದು ರೀತಿ ಅನ್ನ ಹಾಕುತ್ತಿವೆ. 2014ರಿಂದ ಅವು ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗಾಗಿ ಹಾರುತ್ತಿವೆ. ಅದಕ್ಕೆ ವಿಶ್ವಸಂಸ್ಥೆ ಹಣ ಕೊಡುತ್ತದೆ. ಡಾಲರ್‌ನಲ್ಲಿ!

ಹಳೆಯ ವಿಮಾನ ಹಾರಿಸುವವರ ಮೇಲಿನ ಹೊರೆ ಸಣ್ಣದಲ್ಲ. 2023ರ ಆಗಸ್ಟ್‌ನಲ್ಲಿ ಟ್ರಿಂಕೋಮಲಿಯಲ್ಲಿ ಪಿಟಿ-6 ತರಬೇತಿ ವಿಮಾನ ಬಿದ್ದು ಇಬ್ಬರು ಸತ್ತರು. 2025ರ ಮಾರ್ಚ್‌ನಲ್ಲಿ ಒಂದು ಕೆ-8 ತರಬೇತಿ ಜೆಟ್ ಬಿತ್ತು, ಇಬ್ಬರೂ ಪೈಲಟ್‌ಗಳು ಹೊರಹಾರಿ ಬದುಕಿದರು. ಅದೇ ವರ್ಷದ ಮೇ 9ರಂದು ಮಾದುರು ಓಯ ಜಲಾಶಯದಲ್ಲಿ ಬೆಲ್ 212 ಬಿದ್ದು ಆರು ಯೋಧರು ತೀರಿಕೊಂಡರು. ಕಾರಣ ಒಂದೊಂದಕ್ಕೂ ಬೇರೆ ಇರುತ್ತದೆ, ಸುಮ್ನೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ತಪ್ಪು. ಆದರೆ ಬೆಲ್ 212 ತಯಾರಿಕೆ 1998ರಲ್ಲೇ ನಿಂತಿದೆ. ಬದಲಿ ಬೇಕೇ ಬೇಕು.

ಹಾಗಾದರೆ ಧ್ರುವ್? ನಮ್ಮ ಬೆಂಗಳೂರಿನ ಹೆಲಿಕಾಪ್ಟರ್, ನನಗೂ ಅಭಿಮಾನವಿದೆ. ಮಾಲ್ಡೀವ್ಸ್, ಮಾರಿಷಸ್, ನೇಪಾಳ ಮೂರಕ್ಕೂ ಹೋಗಿದೆ. ಆದರೂ ನಾನು ಲಂಕೆಗೆ ಧ್ರುವ್ ಹೇಳುವುದಿಲ್ಲ. ಈಕ್ವೆಡಾರ್ ಏಳು ಧ್ರುವ್ ಕೊಂಡಿತ್ತು. ನಾಲ್ಕು ಅಪಘಾತಕ್ಕೀಡಾದವು, 2015ರಲ್ಲಿ ಒಪ್ಪಂದವೇ ಮುರಿಯಿತು. ಇನ್ನೂ ಹತ್ತಿರದ ಉದಾಹರಣೆ 2025ರ ಜನವರಿಯದು. ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದ ಮೇಲೆ ದೇಶದ ಎಲ್ಲ ಸೇನಾ ಧ್ರುವ್‌ಗಳನ್ನೂ ತಿಂಗಳುಗಟ್ಟಲೆ ನಿಲ್ಲಿಸಿದರು. ಸುರಕ್ಷತೆಗೆ ಅದೇ ಸರಿ. ನಮ್ಮಲ್ಲಿ ಬೇರೆ ಟೈಪ್‌ಗಳು ಇದ್ದವು, ಕೆಲಸ ನಡೆಯಿತು. ಒಂದೇ ಟೈಪ್ ನಂಬಿದ ಸಣ್ಣ ದೇಶದಲ್ಲಿ ಹಾಗಾದರೆ ನೆರೆ ಬಂದ ದಿನ ಮನೆಯ ಮಾಡು ಹತ್ತಿ ಕೂತವರನ್ನು ಎತ್ತಲು ಏನೂ ಇರುವುದಿಲ್ಲ.

ಹಾಗಾಗಿ ನಿಮ್ಮ 'ಒಂದೇ ಕಡೆ'ಯನ್ನು ನಾನು ಸ್ವಲ್ಪ ತಿದ್ದುತ್ತೇನೆ. ಜೀವ ಉಳಿಸುವ ಹೆಲಿಕಾಪ್ಟರ್ ಎರಡು ಟೈಪ್ ಇರಲಿ. ಭಾರದ ಕೆಲಸಕ್ಕೆ ಮಿ-17 ಇದೆ. ಇನ್ನೊಂದಕ್ಕೆ, 212ರ ಜಾಗದಲ್ಲಿ ಅದರದೇ ಮನೆತನದ ಬೆಲ್ 412. 412 ಅವರಲ್ಲಿ ಈಗಾಗಲೇ ಇದೆ, ಮೆಕ್ಯಾನಿಕ್‌ಗಳ ಕೈಗೂ ಗೊತ್ತು, ಇಂಚಿನ ಸ್ಪ್ಯಾನರ್‌ಗಳೂ ಅಲ್ಲೇ ಇವೆ. ಕಡಲಿಗೆ ಒಂದು ಟೈಪ್, ಸಾಗಣೆಗೆ ಒಂದು. ಹೊಸ ವಿಮಾನಕ್ಕೆ ಸಹಿ ಹಾಕುವಾಗಲೇ ಐದು ವರ್ಷದ ಬಿಡಿಭಾಗವನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಲಿ. ಆ ದುಡ್ಡಿಗೆ ಒಂದು ವಿಮಾನ ಕಡಿಮೆ ಬಂದರೂ ಪರವಾಗಿಲ್ಲ.